ಹಾಥೋರ್ ತಾಯಿಯ ಚಿಲುಮೆ ಹಾಗೂ ಹುಲ್ಲು ತುಂಬಿದ ಕರುವಿನ ವೃತ್ತಾಂತ

ದೇವತೆಗಳು ಮನುಷ್ಯರ ಸಹವಾಸ ಸಾಕೆಂದು ಆಕಾಶಕ್ಕೆ ಹೊರಟುಹೋಗುವುದಕ್ಕೆ ಬಹು ಹಿಂದೆ, ಸೂರ್ಯದೇವನಾದ ರಾ ತನ್ನ ನೌಕೆಯನ್ನೇರಿ ಹಗಲೆಲ್ಲ ಈಜಿಪ್ಟ್ ದೇಶದ ನೆತ್ತಿಯ ಮೇಲೆ ಸಂಚರಿಸಿ ಸಾಯಂಕಾಲಕ್ಕೆ ನೈಲ್ ಮಹಾನದಿಯ ಪಶ್ಚಿಮತೀರದ ಗಿರಿಗಹ್ವರಗಳನ್ನು ಹೊಕ್ಕು ವಿಶ್ರಮಿಸುತ್ತಿದ್ದ ಪುರಾತನ ಕಾಲದಲ್ಲಿ, ದಣಿದು ಬಂದ ಅವನನ್ನು ಪಶ್ಚಿಮಾದ್ರಿಯ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತಿದ್ದವಳು, ಕೊಂಬುಗಳ ನಡುವೆ ಸೂರ್ಯಬಿಂಬವನ್ನೇ ಧರಿಸಿದವಳೂ, ಗೋರೂಪಧಾರಿಣಿಯೂ, ಸುವರ್ಣವರ್ಣೆಯೂ, ಗೀತನೃತ್ಯಪ್ರಿಯೆಯೂ, ಸಕಲ ಮಾತೆಯರಿಗೂ ಮಾತೆಯೂ ಆದ ಹಾಥೋರ್ ದೇವಿ. ರಾಜಾಧಿರಾಜರು ಅವಳ ಕೆಚ್ಚಲಿಗೆ ಬಾಯಿಟ್ಟು ಹಾಲು ಕುಡಿದ ಮೇಲೆಯೇ ಸಿಂಹಾಸನವನ್ನೇರುತ್ತಿದ್ದರು. ಅಂಥ ಮಹಾತಾಯಿ ಹುಲ್ಲುಕಡ್ಡಿಯೂ ಹುಟ್ಟದ, ನರಿಯೂ ನಿಲ್ಲದ ನೀವು ಬಂದು ನಿಂತಿರುವ ಈ ಬೋಳು ಕಣಿವೆಯನ್ನು ತನ್ನ ಸ್ಥಾನವೆಂದು ಆರಿಸಿಕೊಂಡದ್ದಾದರೂ ಏಕೆ? ಅದನ್ನು ಹೇಳಬೇಕಾದರೆ ಒಬ್ಬ ದನಗಾಹಿಯ ಮಾನ ಕಳೆಯಬೇಕಾಗುತ್ತದೆ. ಕಳೆಯೋಣ, ಚಿಂತೆಯಿಲ್ಲ. ಹಾಗೆ ಕಳೆಯಿರೆಂದು ಅವನೇ ಹೇಳಿಹೋಗಿದ್ದಾನೆ.

ಅವನ ಹೆಸರು ಸೆನ್ಬಿ. ಪಶ್ಚಿಮತೀರದ ಹುಲ್ಲುಗಾವಲುಗಳೂ ಅಲ್ಲಿ ಮೇಯುವ ಗೋಸಮೂಹವೂ ಇಂತೆಫನೆಂಬ ಪ್ರಭುವಿನ ವಶದಲ್ಲಿದ್ದವು. ಪ್ರಭು ದೊಡ್ಡವನು, ಕಣ್ಣಿಗೆ ಬೀಳುತ್ತಿದ್ದುದು ಅಪರೂಪ. ದನಗಾಹಿಗಳ ಪಾಲಿಗೆ ಪ್ರಭುವೆಂದರೆ ಅವನ ಪಾರುಪತ್ಯಗಾರನಾದ ಹೆಪು. ಸೆನ್ಬಿಯ ಕೈಗೆ ಹಾಲು ಕೊಡದ ಹಸುವೇ ಇರಲಿಲ್ಲ. ಒದೆಯುವ ಹಸು, ಹಾಲು ಮೇಲೆಳೆದುಕೊಳ್ಳುವ ಹಸು, ಚೊಚ್ಚಲು ಕರು ಹಾಕಿ ಬೆದರಿದ ಹಸು, ಯಾವುದೇ ಇರಲಿ, ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಹೊಟ್ಟೆಗೆ ಹಣೆ ಆನಿಸಿ ಗುನುಗಿದರೆ ಸಾಕು, ಮಡಕೆಯಲ್ಲಿ ನೊರೆ ಏಳುತ್ತಿತ್ತು. ಅವನಿಗೂ ಅದರ ಹೆಮ್ಮೆ ಇತ್ತು. ಇರಲಿ ಬಿಡಿ, ಕೈಯಲ್ಲಿ ಕಸುಬಿರುವವನಿಗೆ ಅಷ್ಟು ಹೆಮ್ಮೆ ಇದ್ದರೆ ತಪ್ಪೇನಲ್ಲ.

ಆದರೆ ಅವನ ಮನಸ್ಸಿನಲ್ಲಿ ಒಂದು ಆಸೆ ಮುಳ್ಳಿನ ಹಾಗೆ ಮುರಿದುಕೊಂಡು ಕುಳಿತಿತ್ತು. ನದಿಯಲ್ಲಿ ನೆರೆಯೇರುವ ಕಾಲಕ್ಕೆ ಪೂರ್ವತೀರದ ಗುಡಿಯಿಂದ ಹಾಥೋರ್ ದೇವಿಯ ಸುವರ್ಣವಿಗ್ರಹವನ್ನು ಪುಷ್ಪಾಲಂಕೃತವಾದ ನೌಕೆಯಲ್ಲಿಟ್ಟು, ಗೆಜ್ಜೆಕೋಲುಗಳನ್ನು ಅಲುಗಾಡಿಸುವ ಗಾಯಕಿಯರ ಮೇಳದೊಡನೆ, ಈಚೆಯ ದಡಕ್ಕೆ ಕರೆತರುವುದು ಆ ಸೀಮೆಯ ಮಹೋತ್ಸವ. ದೇವಿ ದಡ ಮುಟ್ಟಿದೊಡನೆ ಅವಳ ಪಾದಕ್ಕೆ ಹಾಲೆರೆಯಬೇಕು. ಎರೆಯುವವನು, ಆ ವರ್ಷ ಯಾರ ಮಂದೆ ಎಲ್ಲರಿಗಿಂತ ಹೆಚ್ಚು ಹಾಲು ಕೊಟ್ಟಿತೋ ಆ ದನಗಾಹಿ. ಅವನೊಬ್ಬನನ್ನು ಬಿಟ್ಟು ಉಳಿದ ದನಗಾಹಿಗಳನ್ನು ನದಿಗಿಳಿಯುವ ಸೋಪಾನದ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಜವುಗಿನಲ್ಲಿ ಮಲಗುವವರು, ಗಡ್ಡ ಬೋಳಿಸದವರು, ಮೈಯೆಲ್ಲ ಸಗಣಿ ನಾರುವವರು ಎಂದು ದೂರ. ಸೆನ್ಬಿಯ ತಂದೆ ಒಮ್ಮೆ ದೇವಿಯನ್ನು ಕಾಣಲೆಂದು ಮುಂದೆ ನುಗ್ಗಿದ್ದಾಗ ಕಾವಲಿನವನು ಕೋಲಿನ ತುದಿಯಿಂದ ಅವನ ಎದೆಗೆ ತಿವಿದು ಹಿಂದೆ ತಳ್ಳಿದ್ದನು. ಆ ಮನುಷ್ಯ ನಗುತ್ತಲೇ ಹಿಂದೆ ಸರಿದುಬಂದಿದ್ದನು. ತಂದೆಯ ಆ ನಗುವನ್ನು ಸೆನ್ಬಿಗೆ ಮರೆಯಲಾಗಲಿಲ್ಲ. ತಾನೊಮ್ಮೆ ಬಿಳಿಯ ನಾರುಮಡಿ ಉಟ್ಟು, ಬೋಳಿಸಿದ ತಲೆಯನ್ನೆತ್ತಿಕೊಂಡು, ಹಾಲಿನ ಕೊಡ ಹೊತ್ತು ಅದೇ ಸೋಪಾನವನ್ನು ಇಳಿಯಬೇಕು. ಅದೊಂದನ್ನು ಬಿಟ್ಟು ಅವನು ಬದುಕಿನಲ್ಲಿ ಬೇರೇನನ್ನೂ ಕೇಳಿದವನಲ್ಲ.

ಹೀಗಿರುವಲ್ಲಿ ಒಂದು ಮುಂಜಾನೆ, ಪಶ್ಚಿಮದ ಬೆಟ್ಟಗಳ ಕಡೆಯಿಂದ, ಯಾವ ದಾರಿಯೂ ಇಲ್ಲದ ಕಡೆಯಿಂದ, ಒಂದು ಹಸು ತನ್ನ ಎಳೆಗರುವಿನೊಡನೆ ನಡೆದುಬಂದು ಅವನ ಮಂದೆಯಲ್ಲಿ ಸೇರಿಕೊಂಡಿತು. ಹೊಂಬಣ್ಣದ ಮೈ, ತಿದ್ದಿ ಮಾಡಿದಂಥ ಕೊಂಬು, ಕಾಡಿಗೆ ತೀಡಿದ ಹಾಗೆ ಕಣ್ಣು. ಪೃಷ್ಠದ ಮೇಲೆ ಯಾವ ಒಡೆಯನ ಬರೆಯೂ ಇಲ್ಲ. ಬರೆಯಿಲ್ಲದ ದನ ಸಿಕ್ಕಿದರೆ ಪಾರುಪತ್ಯಗಾರನಿಗೆ ತಿಳಿಸಿ ಡಂಗುರ ಹೊಡೆಸಬೇಕೆಂಬುದು ಕಟ್ಟಳೆ. ಸೆನ್ಬಿ ಅದರ ಕೆಚ್ಚಲನ್ನು ನೋಡಿದನು, ಸುಮ್ಮನಾದನು. ಒಂದೇ ಹೊತ್ತಿಗೆ ಅದು ಉಳಿದ ಹಸುಗಳು ದಿನವೆಲ್ಲ ಕೊಡುವಷ್ಟು ಹಾಲು ಕೊಟ್ಟಿತು. ಹೆಪು ತಾನಾಗಿ ಬಂದು ಕೊಡಗಳನ್ನು ನೋಡಿ, ಈ ವರ್ಷ ನಾರುಮಡಿ ನಿನಗೇ ಹೊಲಿಸಿಬಿಡೋಣವೇನೋ ಎಂದು ಬೆನ್ನು ತಟ್ಟಿ ಹೋದಾಗ ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಹಾಲು ಕರೆಯುವ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಕರುವನ್ನು ಒಂದಿಷ್ಟು ಚೀಪಲು ಬಿಟ್ಟು, ತಾಯಿ ಹಾಲಿಳಿಸಿದೊಡನೆ ಎಳೆದು ಅವಳ ಮುಂಗಾಲಿಗೆ ಕಟ್ಟುತ್ತಾರೆ. ತಾಯಿ ಅದನ್ನು ನೆಕ್ಕುತ್ತ ನಿಲ್ಲುತ್ತಾಳೆ, ಕರೆಯುವವನು ಕರೆಯುತ್ತಾನೆ. ಕೊನೆಗೆ ಕರುವಿಗೆಂದು ಒಂದು ಮೊಲೆಯನ್ನು ಬಿಡುತ್ತಾರೆ, ಇದು ಅಜ್ಜನ ಕಾಲದಿಂದ ಬಂದ ನ್ಯಾಯ. ಸೆನ್ಬಿ ಮೊದಮೊದಲು ಬಿಟ್ಟನು. ಆಮೇಲೆ ಅರ್ಧ ಬಿಟ್ಟನು. ಪಕ್ಕದ ಮಂದೆಯವನ ಕೊಡಗಳೂ ಏರುತ್ತಿವೆಯೆಂದು ಸುದ್ದಿ ಬಂದ ಮೇಲೆ, ಉತ್ಸವ ಮುಗಿಯುವ ತನಕ ಮಾತ್ರ, ಆಮೇಲೆ ಹೊಟ್ಟೆತುಂಬ ಕುಡಿಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡು, ಕೊನೆಯ ತೊಟ್ಟನ್ನೂ ಹಿಂಡಿಕೊಂಡನು. ಅವನ ಹೆಂಡತಿ ಹೆನುತ್ ಮಾತು ಕಡಿಮೆಯ ಹೆಂಗಸು. ಅವಳು ಒಂದು ಸಲ, ಒಂದೇ ಸಲ, ಕರುವಿನ ಪಕ್ಕೆಲುಬು ಕಾಣುತ್ತಿವೆಯಲ್ಲ ಎಂದಳು. ಎಳೆಗರು ಎಂದರೆ ಹಾಗೇ ಇರುತ್ತದೆ ಎಂದು ಅವನು ಗದರಿದನು. ಹೆನುತ್ ಮತ್ತೆ ಅದರ ಮಾತೆತ್ತಲಿಲ್ಲ.

ಕರು ಒಂದು ಮಧ್ಯಾಹ್ನ ಕಟ್ಟಿದಲ್ಲೇ ಮಂಡಿಯೂರಿತು. ಏಳಲಿಲ್ಲ. ದೇವಿಯ ಕರು ಸಾಯುವುದುಂಟೇ ಎಂದು ಇಲ್ಲಿಗೆ ಬಂದು ವಾದ ಮಾಡುವ ಪಂಡಿತರಿದ್ದಾರೆ, ಅವರಿಗೆ ನಮಸ್ಕಾರ. ಮೈಯೆಂಬುದನ್ನು ತೊಟ್ಟ ಮೇಲೆ ಹಸಿವೂ ಉಂಟು, ಸಾವೂ ಉಂಟು. ಸೆನ್ಬಿ ಅದರ ಪಕ್ಕ ಕುಳಿತನು. ಮೊದಲು ಅವನಿಗೆ ಬಂದದ್ದು ದುಃಖವಲ್ಲ, ಭಯ. ಕರುವಿಲ್ಲದಿದ್ದರೆ ಹಸು ಹಾಲಿಳಿಸುವುದಿಲ್ಲ, ಉತ್ಸವ ಹತ್ತಿರ ಬಂತು. ಆ ಭಯದ ಹಿಂದೆಯೇ ನಾಚಿಕೆ ಬಂತು, ಬಂದದ್ದು ಹೋಗಲಿಲ್ಲ.

ಕರು ಸತ್ತ ಹಸುವಿಗೆ ದನಗಾಹಿಗಳು ಮಾಡುವ ಉಪಾಯವನ್ನೇ ಅವನೂ ಮಾಡಿದನು. ತೊಗಲನ್ನು ಸುಲಿದು, ಒಣಗಿಸಿ, ಒಳಗೆ ಹುಲ್ಲು ತುಂಬಿ, ಬಿದಿರುಕಡ್ಡಿಯಂಥ ಜೊಂಡಿನ ಕಾಲು ಕೊಟ್ಟು ನಿಲ್ಲಿಸುವುದು. ಹೊಲಿಯುವ ಕೈ ಹೆನುತಳದು. ಹಾವು ಕಚ್ಚಿತೆಂದು ಅವನು ಅವಳಿಗೆ ಹೇಳಿದನು. ಅವಳು ತೊಗಲನ್ನು ಮಡಿಲಲ್ಲಿಟ್ಟುಕೊಂಡು, ಒಳಮೈಯನ್ನು ಹೊರಮೈಯನ್ನು ತಿರುಗಿಸಿ ನೋಡಿ, ನಾರಿನ ದಾರ ಪೋಣಿಸಿಕೊಂಡು ಹೊಲಿಯತೊಡಗಿದಳು. ಎಲ್ಲಿ ಕಚ್ಚಿತೆಂದು ಕೇಳಲಿಲ್ಲ. ನಂಬಿದಳು, ಸದ್ಯ ಬದುಕಿದೆ ಎಂದುಕೊಂಡನು ಸೆನ್ಬಿ. ಹಾಗೆಂದುಕೊಂಡದ್ದಕ್ಕೆ ಅವನಿಗೆ ಇನ್ನಷ್ಟು ಅಸಹ್ಯವಾಯಿತು.

ಮರುದಿನ ಆ ಹುಲ್ಲಿನ ಕರುವನ್ನು ಹಸುವಿನ ಮುಂಗಾಲಿನ ಬಳಿ ನಿಲ್ಲಿಸಿ ಕರೆಯಲು ಕುಳಿತನು. ಹಸು ಅದನ್ನು ಮೂಸಿತು. ಬಹಳ ಹೊತ್ತು ಮೂಸಿತು. ಆಮೇಲೆ ತಲೆ ತಗ್ಗಿಸಿ ಅದರ ಬೆನ್ನನ್ನೂ ಕಿವಿಯನ್ನೂ ನೆಕ್ಕತೊಡಗಿತು, ಕೆಚ್ಚಲಿಗೆ ಹಾಲಿಳಿಯಿತು. ಹಿಂದಿಗಿಂತ ಹೆಚ್ಚೇ ಇಳಿಯಿತು. ಅದರ ಕಣ್ಣಿನಿಂದ ಒಂದು ಹನಿ ಜಾರಿ ಕೆನ್ನೆಯ ಕೂದಲಲ್ಲಿ ನಿಂತದ್ದನ್ನು ಸೆನ್ಬಿ ಕಂಡನು. ಕಂಡವನೇ ಹಣೆಯನ್ನು ಅದರ ಹೊಟ್ಟೆಗೆ ಒತ್ತಿ, ಕಣ್ಣು ಮುಚ್ಚಿಕೊಂಡು ಕರೆದನು. ಅಂದಿನಿಂದ ಅವನಿಗೆ ಗುನುಗಲಾಗಲಿಲ್ಲ. ಅವನಿಗೆ ಅನ್ನ ರುಚಿಸದಾಯಿತು. ಹಾಲನ್ನಂತೂ ಬಾಯಿಗೆ ಹತ್ತಿರ ತರಲಾಗಲಿಲ್ಲ. ಜೊತೆಯವರು ಇವನಿಗೆ ಆಗಲೇ ಮದ ಬಂತು, ಮಾತಾಡಿಸಿದರೂ ಮುಖ ಕೊಡುವುದಿಲ್ಲ ಎಂದು ಆಡಿಕೊಂಡರು. ಪಾಪ, ಅವನಿಗೆ ಕೊಡಲು ಮುಖವೆಲ್ಲಿತ್ತು?

ಉತ್ಸವದ ದಿನ ಬಂತು. ಲೆಕ್ಕದಲ್ಲಿ ಸೆನ್ಬಿಯ ಮಂದೆಯೇ ಮುಂದು. ಹಾಲಿನ ಜೊತೆಗೆ ಹಾಲು ಕೊಟ್ಟ ಹಸುವನ್ನೂ ಹೂಮಾಲೆ ಹಾಕಿ ದಡದಲ್ಲಿ ನಿಲ್ಲಿಸಬೇಕೆಂದು ಹೆಪು ಹೇಳಿಕಳುಹಿಸಿದ್ದನು. ಹುಲ್ಲುಗಾವಲಿಗೂ ನದಿಯ ಸೋಪಾನಕ್ಕೂ ನಡುವೆ ಒಂದು ದೊಡ್ಡ ಕಾಲುವೆ. ದನಗಳನ್ನು ಕಾಲುವೆ ದಾಟಿಸುವಾಗ ದನಗಾಹಿ ಒಂದು ಎಳೆಗರುವನ್ನು ಹೆಗಲ ಮೇಲೆ ಹೊತ್ತು ಮುಂದಾಗಿ ನೀರಿಗಿಳಿಯುತ್ತಾನೆ. ಕರು ಹಿಂದಿರುಗಿ ನೋಡಿ ಕೂಗುತ್ತದೆ, ತಾಯಿ ಹಿಂದೆಯೇ ಇಳಿಯುತ್ತಾಳೆ, ತಾಯಿಯ ಹಿಂದೆ ಮಂದೆ. ಮೊಸಳೆಯ ಬಾಯಿ ಕಟ್ಟುವ ಮಂತ್ರವನ್ನು ದಡದಲ್ಲಿ ನಿಂತವರು ನೀರಿನತ್ತ ಬೆರಳು ಚಾಚಿ ಹೇಳುತ್ತಾರೆ. ಸೆನ್ಬಿ ಆ ದಿನ ಹೆಗಲೇರಿಸಿದ್ದು ಹುಲ್ಲಿನ ಕರುವನ್ನು. ಅದು ಎಷ್ಟು ಹಗುರವಾಗಿತ್ತೆಂದರೆ ಅವನಿಗೆ ನಡೆಯಲು ಕಷ್ಟವಾಯಿತು.

ಅವನು ನೀರಿಗಿಳಿದನು. ಹಸು ಹಿಂದೆ ಬಂತು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು, ನೆರೆಯ ಸೆಳವಿಗೆ ಹೆಗಲ ಮೇಲಿನ ತೊಗಲು ತೋಯ್ದು ಭಾರವಾಯಿತು. ನಟ್ಟನಡುವೆ ಬರುವಾಗ ಹೊಲಿಗೆ ಬಿರಿದು, ಒಳಗಿನ ಹುಲ್ಲು ಕಂತೆಕಂತೆಯಾಗಿ ಹೊರಬಿದ್ದು ನೀರಿನ ಮೇಲೆ ತೇಲಿತು. ಹಸು ಅದನ್ನು ನೋಡಿತು. ಎರಡೂ ದಡದಲ್ಲಿ ನಿಂತಿದ್ದ ದನಗಾಹಿಗಳು ನೋಡಿದರು. ಕೊರಳಲ್ಲಿ ಖಾಲಿ ತೊಗಲು ಜೋತುಬಿದ್ದು ನಿಂತ ಸೆನ್ಬಿಯನ್ನು ಕಂಡು ಒಬ್ಬನಾದರೂ ನಕ್ಕಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಯಾರೂ ನಗಲಿಲ್ಲ. ಮಂತ್ರ ಹೇಳುತ್ತಿದ್ದವರು ಬೆರಳು ಕೆಳಗಿಳಿಸಿ ಬೇರೆ ಕಡೆ ನೋಡಿದರು. ಕಸುಬು ಬಲ್ಲವರು, ಅಂಥ ಹಾಲಿನ ಹಸುವಿನ ಕರು ಏಕೆ ಸತ್ತಿತೆಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಸು ನೀರಿನಲ್ಲೇ ತಿರುಗಿ, ಬಂದ ದಡವನ್ನೇರಿ, ಹೂಮಾಲೆಯ ಸಮೇತ ಪಶ್ಚಿಮದ ಬೆಟ್ಟಗಳ ಕಡೆಗೆ ನಡೆದುಹೋಯಿತು. ಸೆನ್ಬಿ ಆಚೆಯ ದಡವನ್ನು ಹೇಗೋ ಸೇರಿ, ತೊಗಲನ್ನು ಜೊಂಡಿನ ಮೇಲೆ ಹಾಕಿದನು.

ಅಲ್ಲಿ ಹೆಪು ಕಾದಿದ್ದನು. ಅವನು ಬೈಯಲಿಲ್ಲ, ಕೇಳಲೂ ಇಲ್ಲ. "ಲೋ ಸೆನ್ಬಿ, ಕರು ಸಾಯೋದು, ತೊಗಲು ತುಂಬೋದು ಎಲ್ಲ ಕಡೆ ಇದ್ದದ್ದೇ. ಹಾಲು ಬಂದಿದೆಯಲ್ಲ, ಅಷ್ಟು ಸಾಕು. ನಡಿ, ಮಡಿ ಉಟ್ಟುಕೋ," ಎಂದನು. ಕ್ಷೌರಿಕರು ಅವನ ತಲೆಗಡ್ಡಗಳನ್ನು ಬೋಳಿಸಿದರು. ಎಣ್ಣೆ ಹಚ್ಚಿದರು. ನಾರುಮಡಿ ಉಡಿಸಿದರು. ಹಾಲು ತುಂಬಿದ ಕೊಡವನ್ನು ಕೈಗೆ ಕೊಟ್ಟರು. ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಕಾವಲಿನವರು ಕೋಲುಗಳನ್ನು ನೆಲಕ್ಕೂರಿ ಅವನಿಗೆ ತಲೆಬಾಗಿದರು. ಅಯ್ಯೋ, ಬದುಕೆಲ್ಲ ಹಂಬಲಿಸಿದ ಸೋಪಾನವನ್ನು ಆ ಮನುಷ್ಯ ಇಳಿದ ಬಗೆಯನ್ನು ಹೇಗೆ ಹೇಳುವುದು! ಒಂದೊಂದು ಮೆಟ್ಟಿಲೂ ಅವನ ಅಂಗಾಲನ್ನು ಸುಡುತ್ತಿತ್ತು. ತಡೆಯುವವರಾರೂ ಇಲ್ಲವಲ್ಲ, ಕೋಲಿನಿಂದ ತಿವಿದು ಹಿಂದೆ ನೂಕುವವನು ಇಂದು ಒಬ್ಬನೂ ಇಲ್ಲವಲ್ಲ ಎಂದು ಅವನು ಎರಡೂ ಕಡೆ ನೋಡಿದನಂತೆ.

ನೌಕೆ ದಡಕ್ಕೆ ತಾಗಿತು. ಗೆಜ್ಜೆಕೋಲುಗಳು ಝಲ್ಲೆಂದು ಅಲುಗಿ ನಿಂತವು. ಪರದೆ ಸರಿಸಿದರು. ಸೂರ್ಯಬಿಂಬದ ಕೆಳಗೆ, ಹೆಣ್ಣಿನ ಮುಖಕ್ಕೆ ಹಸುವಿನ ಕಿವಿಗಳಿದ್ದ ಆ ವಿಗ್ರಹದ ಕಾಡಿಗೆಗಣ್ಣುಗಳನ್ನು ಅವನು ನೋಡಿದನು. ಅವು ಅವನಿಗೆ ಪರಿಚಿತವಾದ ಕಣ್ಣುಗಳು. ಎಡಗಣ್ಣಿನ ಕೆಳಗೆ, ಚಿನ್ನದ ಕೆನ್ನೆಯ ಮೇಲೆ, ಒಂದು ಹನಿ ನಿಂತಿತ್ತು. ನದಿಯ ನೀರು ಸಿಡಿದದ್ದೆಂದು ಅರ್ಚಕರು ಅದನ್ನು ಒರೆಸಿದರು. ಸೆನ್ಬಿ ಕೊಡವನ್ನು ಬಗ್ಗಿಸಲು ಹೋದನು, ಕೈ ಬಗ್ಗಲಿಲ್ಲ. ಎರೆಯೋ, ಎರೆಯೋ ಎಂದು ಹೆಪು ಹಿಂದಿನಿಂದ ಹಲ್ಲು ಕಚ್ಚಿ ಪಿಸುಗುಟ್ಟುತ್ತಿದ್ದಂತೆಯೇ ಅವನು ಬೆನ್ನು ತಿರುಗಿಸಿ, ಕೊಡವನ್ನು ಎದೆಗವಚಿಕೊಂಡು, ಸಾವಿರಾರು ಜನರ ಕಣ್ಣೆದುರಿಗೆ ಮೆಟ್ಟಿಲೇರಿ ಓಡಿದನು. ದೇವಿಗೆ ಬೆನ್ನು ಹಾಕಿದನೆಂದು ಜನ ಹಾಹಾಕಾರ ಮಾಡಿದರು. ಅವನು ನಿಲ್ಲಲಿಲ್ಲ. ಜೊಂಡಿನ ಮೇಲಿದ್ದ ತೊಗಲನ್ನು ಹೆಗಲಿಗೆ ಹಾಕಿಕೊಂಡು, ಕೊಡವನ್ನು ತಲೆಯ ಮೇಲಿಟ್ಟು, ಒಬ್ಬನೇ ಕಾಲುವೆ ದಾಟಿ, ಒಣಭೂಮಿಯಲ್ಲಿ ಮೂಡಿದ್ದ ಗೊರಸಿನ ಗುರುತುಗಳನ್ನು ಹಿಡಿದು ನಡೆದನು.

ಆ ಗುರುತುಗಳು ಈ ಕಣಿವೆಗೆ ಬಂದು ಮುಗಿದವು. ಸಂಜೆಯ ಬಿಸಿಲು ಬಂಡೆಗಳ ಮೇಲಿತ್ತು. ಹಸು ಬೆಟ್ಟದ ಬುಡದಲ್ಲಿ, ಮುಂದೆ ದಾರಿಯಿಲ್ಲದಲ್ಲಿ, ಇವನ ಕಡೆ ಮುಖ ಮಾಡಿ ನಿಂತಿತ್ತು. ಸೆನ್ಬಿ ತೊಗಲನ್ನು ಅದರ ಮುಂದೆ ಹಾಸಿ, ಹಾಲನ್ನು ಇಟ್ಟು, ಬೋಳುತಲೆಯನ್ನು ಮಣ್ಣಿಗೆ ಹಚ್ಚಿದನು. ಅವನಿಗೆ ಸ್ತೋತ್ರಗಳು ತಿಳಿದಿರಲಿಲ್ಲ. ಹಸುವಿನ ಎಡಗಿವಿಯ ಹತ್ತಿರಕ್ಕೆ ತೆವಳಿ, ಮುಖವೆತ್ತಲಾರದೆ, ಅವನು ಹೇಳಿದ್ದು ಇಷ್ಟು:

"ಹಾವು ಕಚ್ಚಲಿಲ್ಲ ತಾಯಿ. ನಾನೇ ಉಪವಾಸ ಹಾಕಿ ಕೊಂದೆ. ಕೊಂದು, ಅದರ ತೊಗಲನ್ನು ನಿನ್ನಿಂದಲೇ ನೆಕ್ಕಿಸಿದೆ. ಏನು ಶಿಕ್ಷೆ ಕೊಡುತ್ತೀಯೋ ಕೊಡು."

ಆಗ ಆ ಗಿರಿಗಹ್ವರವೆಲ್ಲ ಕಾಯಿಸಿದ ಚಿನ್ನದಂತೆ ಬೆಳಗಿ, ಗೋವಿನ ಶೃಂಗದ್ವಯದ ನಡುವೆ ಅಸ್ತಮಿಸುತ್ತಿದ್ದ ಸೂರ್ಯಬಿಂಬವು ಬಂದು ನೆಲೆಸಿ, ಸಕಲ ಲೋಕಗಳನ್ನೂ ತೂಗುವ ತಾಯಿಯ ಧ್ವನಿಯಿಂದ ಹಾಥೋರ್ ದೇವಿಯು ಹೀಗೆ ಅಪ್ಪಣೆ ಕೊಡಿಸಿದಳು:

"ಸೆನ್ಬಿ, ಅದು ಹುಲ್ಲು ತುಂಬಿದ ತೊಗಲೆಂದು ಮೊದಲ ಸಲ ಮೂಸಿದಾಗಲೇ ಅರಿತೆ. ಹೆತ್ತವಳಿಗೆ ತನ್ನ ಮಗುವಿನ ಉಸಿರು ತಿಳಿಯದೇ? ಆದರೂ ಹಾಲಿಳಿಸಿದೆ. ಆ ಹೊತ್ತಿನಲ್ಲಿ ನನ್ನ ಕೆಚ್ಚಲ ಬಳಿ ಹಸಿದು ಕುಳಿತಿದ್ದವನು ನೀನು. ನೀನೂ ನನ್ನ ಕರುವೇ ಅಲ್ಲವೇ? ಶಿಕ್ಷೆಯನ್ನು ಬೇಡಬೇಡ, ಶಿಕ್ಷೆ ಅನುಭವಿಸಿದವನು ತೀರಿತೆಂದು ಹಗುರಾಗುತ್ತಾನೆ. ಇಲ್ಲಿಯೇ ಇರು. ಬಂದವರಿಗೆ ಇದನ್ನು ಹೇಳು, ನಿನ್ನ ಹೆಸರನ್ನು ಮರೆಸದೆ ಹೇಳು."

ಇಷ್ಟು ನುಡಿದು ದೇವಿಯು ಹಿಂದೆ ಹಿಂದೆ ಸರಿದು ಬೆಟ್ಟದೊಳಗೆ ಸೇರಿಹೋದಳು. ಮುಖವೂ ಎರಡು ಕಿವಿಗಳೂ ಮಾತ್ರ ಶಿಲೆಯಾಗಿ ಹೊರಗೆ ನಿಂತವು. ಸೆನ್ಬಿ ಬಾಯಿ ಮುಚ್ಚಿ ಅಳಲೂ ಆಗದೆ, ಬಾಯಿ ಬಿಟ್ಟು ಅಳಲೂ ಆಗದೆ ಕುಳಿತನು. ಶಪಿಸಿದ್ದರೆ ತಡೆದುಕೊಳ್ಳುತ್ತಿದ್ದನು. ಗೊತ್ತಿದ್ದೂ ಹಾಲು ಕೊಟ್ಟಳೆಂಬುದನ್ನು ತಡೆದುಕೊಳ್ಳುವುದು ಹೇಗೆ? ಅವನು ಕೊಡದಲ್ಲಿದ್ದ ಹಾಲನ್ನೆಲ್ಲ ಕರುವಿನ ತೊಗಲಿನ ಮೇಲೆ, ಅದು ಬದುಕಿದ್ದಾಗ ತಾನು ಕುಡಿಯಗೊಡದ ಹಾಲನ್ನೆಲ್ಲ, ನಿಧಾನವಾಗಿ ಎರೆದನು. ಹಾಲಿನೊಡನೆ ತೊಗಲೂ ನೆಲದಲ್ಲಿ ಇಂಗಿಹೋಯಿತು. ಇಂಗಿದ ಜಾಗದಿಂದ ನೀರು ಉಕ್ಕಿತು.

ಬೆಳಗಾದ ಮೇಲೆ ಹೆನುತ್ ರೊಟ್ಟಿಯನ್ನೂ ಈರುಳ್ಳಿಯನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡು, ಗಂಡನ ಹೆಜ್ಜೆ ಹುಡುಕುತ್ತ ಇಲ್ಲಿಗೆ ಬಂದಳು. ಸೆನ್ಬಿ ಅವಳಿಗೆ ಹೇಳಲು ಬಾಯಿ ತೆರೆದನು. ದೇವಿಗೆ ಹೇಳಿದ್ದಕ್ಕಿಂತ ಹೆಂಡತಿಗೆ ಹೇಳುವುದು ಅವನಿಗೆ ಕಷ್ಟವಾಯಿತು. ಆದರೂ ಹಾವಿನ ಸುಳ್ಳಿನಿಂದ ಮೊದಲು ಮಾಡಿ ಎಲ್ಲವನ್ನೂ ಹೇಳಿದನು. ಹೆನುತ್ ರೊಟ್ಟಿಯ ಗಂಟನ್ನು ಅವನ ಮುಂದಿಟ್ಟು, ಅವನನ್ನು ದಾಟಿಕೊಂಡು ಹೋಗಿ, ಶಿಲೆಯ ಬಲಗಿವಿಗೆ ಬಾಯಿಟ್ಟಳು. ಮೆಲ್ಲಗೆ ಹೇಳಬೇಕೆಂದಿದ್ದಳೇನೋ, ಆದರೆ ಕಣಿವೆ ಅದನ್ನು ಮೆಲ್ಲಗಿರಗೊಡಲಿಲ್ಲ.

"ನಂಗೆ ಗೊತ್ತಿತ್ತು ತಾಯಿ. ತೊಗಲು ಹೊಲಿಯುವಾಗ ಹಲ್ಲಿನ ಗುರುತು ಎಲ್ಲೂ ಇರಲಿಲ್ಲ, ಹೊಟ್ಟೆ ಬೆನ್ನಿಗೆ ಅಂಟಿತ್ತು. ಇವರು ಆ ಮಡಿ ಉಟ್ಟು ಮೆಟ್ಟಿಲಿಳಿಯೋದನ್ನ ನೋಡೋ ಆಸೆ ನಂಗೂ ಇತ್ತು. ಅದಕ್ಕೇ ಸುಮ್ಮನೆ ಹೊಲಿದೆ."

ಗಂಡಹೆಂಡಿರಿಬ್ಬರೂ ಆ ಹೊತ್ತು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಿಲುಮೆಯ ಎರಡು ಬದಿಗೆ ಕುಳಿತು ರೊಟ್ಟಿ ಮುರಿದು ತಿಂದರು. ಅವರು ಹುಲ್ಲುಗಾವಲಿಗೆ ಮರಳಲಿಲ್ಲ. ಇಲ್ಲಿಯೇ ಜೊಂಡಿನ ಗುಡಿಸಲು ಹಾಕಿಕೊಂಡು, ಬಂದವರಿಗೆಲ್ಲ ತಮ್ಮ ಹೆಸರು ಹಿಡಿದು ಈ ಕಥೆಯನ್ನು ಹೇಳುತ್ತ ಮುದುಕರಾದರು.

ಶ್ರದ್ಧಾವಂತ ಯಾತ್ರಿಕರೇ, ಆ ಚಿಲುಮೆಯೇ ನಿಮ್ಮ ಕಾಲ ಬುಡದಲ್ಲಿರುವುದು. ಎಂಥ ಬೇಸಿಗೆಯಲ್ಲೂ ಇದು ಬತ್ತಿದ್ದಿಲ್ಲ. ಬೊಗಸೆಯಲ್ಲಿ ಹಿಡಿದರೆ ನೀರು ತುಸು ಬೆಳ್ಳಗೆ ಕಾಣುತ್ತದೆ. ನೆರೆಯೇರುವ ಕಾಲದ ಉತ್ಸವದಂದು ಸುತ್ತಲಿನ ಸೀಮೆಯ ದನಗಾಹಿಗಳು ಕರುಗಳನ್ನು ಬಿಚ್ಚಿಬಿಡುತ್ತಾರೆ, ಆ ದಿನ ಯಾವ ಮನೆಯಲ್ಲೂ ಹಾಲು ಕರೆಯುವುದಿಲ್ಲ, ಕರುಗಳು ಕುಡಿದು ಕುಡಿದು ಸಾಕಾಗಿ ಮಲಗುತ್ತವೆ. ಬೇರೆ ಗುಡಿಗಳಲ್ಲಿ ದೇವರ ಕಿವಿಗೆ ಬೇಡಿಕೆಯನ್ನು ಹೇಳುವುದು ವಾಡಿಕೆ. ಇಲ್ಲಿ ಏನನ್ನೂ ಬೇಡುವಂತಿಲ್ಲ. ತಾನೇ ಮಾಡಿದ್ದನ್ನು ಹೇಳಬೇಕಾದವರು ಶಿಲೆಯ ಎಡಗಿವಿಗೆ ಹೇಳಬೇಕು. ಕಂಡೂ ಸುಮ್ಮನಿದ್ದವರು ಬಲಗಿವಿಗೆ ಹೇಳಬೇಕು. ದರ್ಶನಕ್ಕೆ ಬಂದವರು ಹತ್ತಿರ ಹೋಗಿ ತಾವೇ ನೋಡಬಹುದು. ಎಡಗಿವಿಯಲ್ಲಿ ಕೂದಲಿನ ಗೆರೆಗಳೂ ಸುಳಿಗಳೂ ಇಂದಿಗೂ ಸ್ಪಷ್ಟವಾಗಿ ಉಳಿದಿವೆ. ಬಲಗಿವಿ ಜನರ ತುಟಿ ತಾಗಿ ತಾಗಿ ಸವೆದು, ಕಿವಿಯೆಂದು ಗುರುತೇ ಸಿಗದಷ್ಟು ನುಣ್ಣಗಾಗಿದೆ.